ಒಂದೇ ತೂಕದ ಕಲ್ಲು: ದಿನನಿತ್ಯದ ಬದುಕಿನಲ್ಲಿ ಕ್ರೈಸ್ತ ಪ್ರಾಮಾಣಿಕತೆ

ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ಯಾಜಕರು ಮತ್ತೆ ಮತ್ತೆ ಎದುರಿಸುವ ಪ್ರಶ್ನೆಯೊಂದಿದೆ: "ಫಾದರ್, ಎಲ್ಲರೂ ಹೀಗೆಯೇ ಮಾಡುತ್ತಾರಲ್ಲ? ನಾವೊಬ್ಬರು ಸರಿಯಾಗಿದ್ದು ಏನು ಪ್ರಯೋಜನ?" ಜಾಗ ಕೊಂಡವರು, ಅಂಗಡಿ ನಡೆಸುವವರು, ಗುತ್ತಿಗೆ ಕೆಲಸ ಹಿಡಿದವರು, ಮಗಳ ಮದುವೆಯ ಸಿದ್ಧತೆಯಲ್ಲಿರುವವರು ಈ ಪ್ರಶ್ನೆಯನ್ನು ಕೇಳುತ್ತಾರೆ. ಕೇಳುವವರು ಕೆಟ್ಟವರಲ್ಲ, ಭಾನುವಾರದ ಬಲಿಪೂಜೆಯನ್ನು ತಪ್ಪಿಸದವರು, ಮನೆಯಲ್ಲಿ ಜಪಸರ ಪ್ರಾರ್ಥನೆ ನಡೆಸುವವರು. ಅವರಿಗೆ ನಮ್ಮಿಂದ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. "ಅದು ಪಾಪ, ಮಾಡಬೇಡಿ" ಎಂಬುದು ಒಂದು. "ಕಾಲವೇ ಹಾಗಿದೆ, ದೇವರು ಕರುಣಾಮಯಿ" ಎಂಬುದು ಮತ್ತೊಂದು. ಮೊದಲನೆಯ ಉತ್ತರಕ್ಕೆ ಅವರ ಕಷ್ಟ ಕೇಳಿಸುವುದಿಲ್ಲ. ಎರಡನೆಯ ಉತ್ತರಕ್ಕೆ ಅವರ ಮನಸ್ಸಾಕ್ಷಿ ಕೇಳಿಸುವುದಿಲ್ಲ.

ಧರ್ಮಸಭೆಯ ಬೋಧನೆಯಲ್ಲಿ ಇದಕ್ಕಿಂತ ಗಟ್ಟಿಯಾದ ಉತ್ತರವಿದೆ. ಪ್ರಾಮಾಣಿಕತೆಯೆಂದರೆ ಬದುಕು ಒಡೆದು ಎರಡಾಗದೆ ಒಂದಾಗಿ ಉಳಿಯುವುದು; ಒಡೆದದ್ದನ್ನು ಮರಳಿ ಕೂಡಿಸಲು ಪವಿತ್ರ ಗ್ರಂಥವೂ ಸಂಪ್ರದಾಯವೂ ತೋರಿಸುವ ದಾರಿ ನಷ್ಟಭರ್ತಿ. ಈ ಎರಡು ಮಾತುಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

1. ಪದದೊಳಗಿನ ಅರ್ಥ

'ಪ್ರಾಮಾಣಿಕತೆ' ಎಂಬ ಮಾತು 'ಪ್ರಮಾಣ'ದಿಂದ ಬಂದಿದೆ. ಪ್ರಮಾಣವೆಂದರೆ ಅಳತೆ, ಪ್ರಮಾಣವೆಂದರೆ ಆಧಾರ ಅಥವಾ ಸಾಕ್ಷ್ಯ, ಪ್ರಮಾಣವೆಂದರೆ ಆಣೆ. ಅಳತೆ ತಪ್ಪದವನು, ತಾನೇ ತನ್ನ ಮಾತಿಗೆ ಆಧಾರವಾಗಿರುವವನು, ಆಣೆಯಿಡದಿದ್ದರೂ ನಂಬಬಹುದಾದವನು ಪ್ರಾಮಾಣಿಕ. ಲತೀನಿನ 'ಇಂಟೆಗ್ರಿತಾಸ್' ಎಂಬ ಪದದ ದಿಕ್ಕು ಸ್ವಲ್ಪ ಬೇರೆ. ಮುಕ್ಕಾಗದೆ ಇಡಿಯಾಗಿ ಉಳಿದಿರುವುದು ಎಂಬುದು ಅದರ ಮೂಲಾರ್ಥ.

ಹಳೆಯ ಒಡಂಬಡಿಕೆಯ ಹೀಬ್ರೂ ಪದ 'ತಾಮೀಮ್' ಈ ಇಡಿತನವನ್ನೇ ಹೇಳುತ್ತದೆ. ತನ್ನ ಸನ್ನಿಧಿಯಲ್ಲಿ ನಡೆದುಕೊಂಡು 'ತಾಮೀಮ್' ಆಗಿರಬೇಕೆಂದು ದೇವರು ಅಬ್ರಾಮನಿಗೆ ಆಜ್ಞಾಪಿಸುತ್ತಾರೆ (ಆದಿಕಾಂಡ 17:1). ಪಾಸ್ಕದ ಕುರಿಮರಿ ಊನವಿಲ್ಲದ್ದಾಗಿರಬೇಕು ಎನ್ನುವಾಗಲೂ ಬಳಕೆಯಾಗಿರುವುದು ಇದೇ ಪದ (ವಿಮೋಚನಾಕಾಂಡ 12:5). ದೇವರಿಗೆ ಅರ್ಪಿತವಾಗುವ ಬದುಕಿನಲ್ಲಿ ಒಂದು ಭಾಗವನ್ನು ಬೇರೆಯಾಗಿ ತೆಗೆದಿರಿಸುವಂತಿಲ್ಲ. 101ನೆಯ ಕೀರ್ತನೆ ಈ ಇಡಿತನವನ್ನು ದೇವಾಲಯದಲ್ಲಿ ಹುಡುಕದೆ, ಯಾರೂ ನೋಡದ ಮನೆಯ ಒಳಗಿನ ನಡತೆಯಲ್ಲಿ ಹುಡುಕುತ್ತದೆ.

ಇದರ ಅತ್ಯಂತ ಸರಳವಾದ ಚಿತ್ರ ಸಂತೆಯ ವ್ಯಾಪಾರಿಯ ಚೀಲದಲ್ಲಿದೆ. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ (13-16) ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು, ಹೀಗೆ ಎರಡು ತೂಕದ ಕಲ್ಲುಗಳನ್ನು ಇರಿಸಿಕೊಳ್ಳಬಾರದು ಎನ್ನುತ್ತದೆ. ಕೊಳ್ಳುವಾಗ ದೊಡ್ಡ ಕಲ್ಲು, ಮಾರುವಾಗ ಚಿಕ್ಕ ಕಲ್ಲು: ಮೋಸದ ವಿಧಾನ ಎಲ್ಲರಿಗೂ ತಿಳಿದದ್ದೇ. ಗಮನಿಸಬೇಕಾದ ಅಂಶವೆಂದರೆ, ಎರಡನೆಯ ಕಲ್ಲನ್ನು ಬಳಸುವುದಕ್ಕೆ ಮೊದಲು ಅದನ್ನು ಇಟ್ಟುಕೊಳ್ಳುವುದನ್ನೇ ಧರ್ಮಶಾಸ್ತ್ರ ನಿಷೇಧಿಸುತ್ತದೆ. ಅದಕ್ಕೆ ಬದಲಾಗಿ ಬೇಕಾದ ಕಲ್ಲನ್ನು 'ಶಲೇಮಾ', ಅಂದರೆ ಇಡಿಯಾದದ್ದು, ಎಂದು ಕರೆಯುತ್ತದೆ. 'ಶಾಲೋಮ್' ಎಂಬ ಶಾಂತಿಯ ಪದಕ್ಕೂ ಇದಕ್ಕೂ ಒಂದೇ ಧಾತು. ಸಂತ ಯಾಕೋಬರು ಇಂಥ ಎರಡು ಕಲ್ಲಿನ ಮನುಷ್ಯನಿಗೆ ಗ್ರೀಕಿನಲ್ಲಿ 'ದಿಪ್ಸಿಖೋಸ್', ಎರಡು ಮನಸ್ಸಿನವನು, ಎಂಬ ಹೆಸರಿಟ್ಟರು (1:8, 4:8).

"ಎಲ್ಲರೂ ಹೀಗೆಯೇ ಮಾಡುತ್ತಾರಲ್ಲ" ಎಂಬ ಪ್ರಶ್ನೆಯ ಕೆಳಗೆ ಇರುವುದು ಈ ಎರಡನೆಯ ಕಲ್ಲೇ. ದೇವಾಲಯಕ್ಕೆ ಒಂದು ತೂಕ, ಪೇಟೆಗೆ ಇನ್ನೊಂದು ತೂಕ.

2. ಆಣೆ ಬೇಡದ ಮಾತು

ನಮ್ಮ ಕರಾವಳಿಯಲ್ಲಿ ಆಣೆ-ಪ್ರಮಾಣಕ್ಕೆ ಇರುವ ಗೌರವ ದೊಡ್ಡದು. ವ್ಯಾಜ್ಯ ಬಗೆಹರಿಯದಿದ್ದಾಗ ಧರ್ಮಸ್ಥಳದ ಹೆಸರೆತ್ತಿ ಆಣೆಗೆ ಕರೆಯುವುದುಂಟು. 'ಮಾತು ಬಿಡ ಮಂಜುನಾಥ' ಎಂಬ ನುಡಿ ಜಾತಿ ಮತಗಳ ಗಡಿ ದಾಟಿ ಎಲ್ಲರಿಗೂ ಪರಿಚಿತ. ಕೊಟ್ಟ ಮಾತಿಗೆ ದೇವರೇ ಸಾಕ್ಷಿ ಎಂಬ ಭಯಭಕ್ತಿಯನ್ನು ನಾವು ಹಗುರವಾಗಿ ಕಾಣಬಾರದು. ಗಂಭೀರ ಹಾಗೂ ನ್ಯಾಯವಾದ ಕಾರಣವಿದ್ದಾಗ ಆಣೆಯಿಡುವುದನ್ನು ಧರ್ಮಸಭೆಯೂ ಒಪ್ಪುತ್ತದೆ.

ಆದರೂ ಪರ್ವತ ಪ್ರಬೋಧನೆಯಲ್ಲಿ ಪ್ರಭು ಯೇಸು ಆಣೆಯನ್ನೇ ಇಡಬೇಡಿರಿ ಎನ್ನುತ್ತಾರೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂಬಷ್ಟೇ ಸಾಕು ಎಂಬುದು ಅವರ ಬೋಧನೆ (ಮತ್ತಾಯ 5:33-37). ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆಣೆಯಿಟ್ಟ ಮಾತು ನಿಜವಾಗಿರಲೇಬೇಕು ಎಂದಾದರೆ, ಆಣೆಯಿಡದ ಮಾತು ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ ಎಂಬ ಭಾವನೆ ಹುಟ್ಟುತ್ತದೆ. ಆಗ ಸತ್ಯಕ್ಕೆ ಎರಡು ದರ್ಜೆಗಳಾಗುತ್ತವೆ. ಶಿಷ್ಯನ ಮಾತಿಗೆ ಇರುವುದು ಒಂದೇ ದರ್ಜೆ: ದೇವರ ಪೀಠದ ಮುಂದೆ ಹೇಳಿದ್ದಕ್ಕೂ ಅಂಗಡಿಯ ಗಲ್ಲಾದ ಮುಂದೆ ಹೇಳಿದ್ದಕ್ಕೂ ಸಮಾನ ಬೆಲೆ.

3. ಜೆಪ್ಪುವಿನ ಪಾಠ

ಇಡಿಯಾದ ಬದುಕು ಪೇಟೆಯಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ನಮ್ಮ ನಗರದ ಚರಿತ್ರೆಯಲ್ಲೇ ಪಾಠವಿದೆ. ಅದರ ಒಂದು ಭಾಗ ನಮ್ಮ ನೆರೆಯ ಪ್ರೊಟೆಸ್ಟಂಟ್ ಸಹೋದರರದು. 1834ರಲ್ಲಿ ಸ್ಯಾಮ್ಯುಯೆಲ್ ಹೆಬಿಕ್ ಮತ್ತು ಅವರ ಇಬ್ಬರು ಸಂಗಡಿಗರು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ನಿನ ಕೆಲಸ ಆರಂಭಿಸಿದರು. ದೀಕ್ಷಾಸ್ನಾನ ಪಡೆದವರು ಅನೇಕ ಸಲ ಜಾತಿಯನ್ನೂ ಅದರೊಂದಿಗೆ ಕುಲಕಸುಬನ್ನೂ ನೆಲೆಯನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿನ ಹೊಣೆ ಮಿಷನ್ನಿನ ಮೇಲೆ ಬಿತ್ತು. ಹೀಗೆ 1841ರಲ್ಲಿ ಮುದ್ರಣಾಲಯ, ಮುಂದೆ ನೇಯ್ಗೆಯ ಮಗ್ಗಗಳು, 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ಹೆಂಚಿನ ಕಾರ್ಖಾನೆ ಹುಟ್ಟಿದವು. ಇಲ್ಲಿನ ನದಿಗಳ ದಂಡೆಯ ಜೇಡಿಮಣ್ಣಿನಿಂದ ತಯಾರಾದ ಹೆಂಚು 'ಮಂಗಳೂರು ಹೆಂಚು' ಎಂದೇ ದೂರದ ಊರುಗಳಲ್ಲಿ ಹೆಸರಾಯಿತು. ಹಳೆಯ ಮನೆಗಳ ಹೆಂಚುಗಳಲ್ಲಿ ಒತ್ತಿದ ಕಾರ್ಖಾನೆಯ ಹೆಸರನ್ನು ಇಂದಿಗೂ ಓದಬಹುದು. ಮಳೆಗಾಲದಲ್ಲಿ ಸೋರುವ ಹೆಂಚಿನ ಮೇಲೆ ಮಿಷನ್ನಿನ ಹೆಸರಿದ್ದರೆ, ಸೋರುವುದು ಆ ಹೆಸರೂ ಹೌದು. ಮಿಷನರಿಗಳು ವ್ಯಾಪಾರ ಮಾಡುವುದು ಸರಿಯೇ ಎಂಬ ಚರ್ಚೆ ಅವರೊಳಗೇ ನಡೆದಿತ್ತು. ಸಾರುವ ಮಾತನ್ನೂ ಮಾರುವ ಸರಕನ್ನೂ ಒಂದೇ ಮನಸ್ಸಾಕ್ಷಿ ಹೊರಬೇಕು ಎಂಬುದು ಆ ಪ್ರಯೋಗದ ಒಳಗಿನ ಸವಾಲಾಗಿತ್ತು.

ಕಥೋಲಿಕ ಪರಂಪರೆಯ ಉದಾಹರಣೆ ಕಂಕನಾಡಿಯದು. ಜರ್ಮನಿಯ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದರು. ಅವರ ಔಷಧಿಗಳು ಅಂಚೆಯ ಮೂಲಕ ದೂರದ ಊರುಗಳಿಗೂ ಹೋಗುತ್ತಿದ್ದವು. ಆ ಆದಾಯ ಬಡರೋಗಿಗಳ ಸೇವೆಗೆ ಆಧಾರವಾಯಿತು. ಹೋಮಿಯೋಪಥಿಯ ಸಕ್ಕರೆ ಗುಳಿಗೆಗಳೆಲ್ಲ ಕಣ್ಣಿಗೆ ಒಂದೇ. ಒಳಗೆ ಏನಿದೆ ಎಂಬುದಕ್ಕೆ ಕೊಳ್ಳುವವನ ಕೈಯಲ್ಲಿರುವ ಆಧಾರ ಬಾಟಲಿಯ ಚೀಟಿ ಮಾತ್ರ. ಪೇಟೆಯ ಬಹುಪಾಲು ವ್ಯವಹಾರ ಹೀಗೆಯೇ ನಡೆಯುತ್ತದೆ: ಪರೀಕ್ಷಿಸಲಾಗದವನು ನಂಬುತ್ತಾನೆ, ನಂಬಿಕೆಯನ್ನು ಪಡೆದವನು ಅದಕ್ಕೆ ಉತ್ತರವಾದಿಯಾಗುತ್ತಾನೆ.

ಆದರೆ ಜೆಪ್ಪುವಿನ ಪ್ರಯೋಗದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಅಲ್ಲಿ ಅನೇಕರಿಗೆ ಕೆಲಸ ಕೊಡುವ ಸಂಸ್ಥೆ, ವಾಸಕ್ಕೆ ಜಾಗ ಕೊಡುವ ಸಂಸ್ಥೆ, ಸಭೆಯ ಶಿಸ್ತನ್ನು ಕಾಯುವ ಸಂಸ್ಥೆ ಒಂದೇ ಆಗಿತ್ತು. ಭಾನುವಾರದ ಮನುಷ್ಯನೂ ಸೋಮವಾರದ ಮನುಷ್ಯನೂ ಒಂದೇ ಆವರಣದೊಳಗಿದ್ದ. ಅಂಥ ಬದುಕಿಗೆ ಒಂದು ಬಗೆಯ ಒಗ್ಗಟ್ಟು ಹೊರಗಿನಿಂದಲೇ ಒದಗುತ್ತದೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಆ ಉದ್ಯಮಗಳು ಬ್ರಿಟಿಷ್ ಸರಕಾರದ ವಶವಾಗಿ, ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಹಳೆಯ ಕಟ್ಟು ಸಡಿಲಿತು. ನಮ್ಮ ಇಂದಿನ ವಿಶ್ವಾಸಿಗಳ ಸ್ಥಿತಿ ಇನ್ನೂ ಬಿಡಿ ಬಿಡಿಯಾದದ್ದು. ಒಬ್ಬರು ಬ್ಯಾಂಕಿನಲ್ಲಿ, ಒಬ್ಬರು ಕೊಲ್ಲಿ ರಾಷ್ಟ್ರಗಳಲ್ಲಿ, ಒಬ್ಬರು ಬೆಂಗಳೂರಿನ ಕಂಪನಿಯಲ್ಲಿ. ಅವರ ವಾರದ ಆರು ದಿನಗಳನ್ನು ಧರ್ಮಕೇಂದ್ರದ ಕಣ್ಣು ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಆದ್ದರಿಂದ ಬದುಕನ್ನು ಒಂದಾಗಿ ಹಿಡಿಯುವ ಬಲ ಒಳಗಿನಿಂದಲೇ, ರೂಪಿತವಾದ ಮನಸ್ಸಾಕ್ಷಿಯಿಂದಲೇ, ಬರಬೇಕು. ಕಾವಲು ಇದ್ದಾಗಿನ ನೇರ ನಡತೆ ಶಿಸ್ತು. ಕಾವಲು ಹೋದ ಮೇಲೂ ಉಳಿಯುವುದು ಪ್ರಾಮಾಣಿಕತೆ.

4. ಧರ್ಮಸಭೆಯ ಬೋಧನೆ

ಸಂತ ತೋಮಾಸ್ ಅಕ್ವಿನಾಸರು ಸತ್ಯವನ್ನು ಒಂದು ಸದ್ಗುಣವೆಂದು ವಿವೇಚಿಸುತ್ತಾರೆ (ಸುಮ್ಮಾ, ಎರಡನೆಯ ಭಾಗದ ಎರಡನೆಯ ವಿಭಾಗ, ಪ್ರಶ್ನೆ 109). ಮನುಷ್ಯ ತಾನಿರುವಂತೆಯೇ ಮಾತಿನಲ್ಲಿಯೂ ಬಾಳಿನಲ್ಲಿಯೂ ತನ್ನನ್ನು ತೋರ್ಪಡಿಸಿಕೊಳ್ಳುವುದು ಆ ಗುಣ. ಅದು ನ್ಯಾಯಕ್ಕೆ ಸೇರಿದ್ದು, ಏಕೆಂದರೆ ಪರಸ್ಪರ ನಂಬಿಕೆಯಿಲ್ಲದೆ ಮನುಷ್ಯರು ಒಟ್ಟಿಗೆ ಬಾಳಲಾರರು. ಅದೇ ಗ್ರಂಥದ 77ನೆಯ ಪ್ರಶ್ನೆಯಲ್ಲಿ ಅವರು ಕೊಡುಕೊಳ್ಳುವಿಕೆಯ ಮೋಸವನ್ನು ಪರಿಶೀಲಿಸುತ್ತಾರೆ: ಕೊಳ್ಳುವವನಿಗೆ ಹಾನಿಯಾಗುವಂಥ ಗುಪ್ತ ದೋಷವನ್ನು ಮಾರುವವನು ತಿಳಿಸಲೇಬೇಕು. ದಾರಿಯ ತಕರಾರಿರುವ ಜಾಗವನ್ನೋ ಅಪಘಾತವಾದ ಕಾರನ್ನೋ ಮಾರುವವರಿಗೆ ಈ ಬೋಧನೆ ಇಂದಿಗೂ ನೇರವಾಗಿ ತಟ್ಟುತ್ತದೆ.

ನೀತಿಶಾಸ್ತ್ರಜ್ಞರಲ್ಲಿ ಕೆಲವರು ಒಂದು ಕಾಲಕ್ಕೆ ಬೇರೆ ದಾರಿ ಹಿಡಿದಿದ್ದರು. ಬಾಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಮನಸ್ಸಿನಲ್ಲೇ ಪೂರ್ತಿ ಮಾಡಿಕೊಂಡರೆ ಅದು ಸುಳ್ಳಲ್ಲ ಎಂಬುದು ಅವರ ವಾದ. 1679ರಲ್ಲಿ ಜಗದ್ಗುರು ಹನ್ನೊಂದನೆಯ ಇನ್ನೋಸೆಂಟ್ ಇಂಥ ವಾದಗಳನ್ನು ಖಂಡಿಸಿದರು. ಇದರ ಅರ್ಥ ಎಲ್ಲವನ್ನೂ ಎಲ್ಲರಿಗೂ ಹೇಳಬೇಕೆಂದಲ್ಲ. ಪಾಪನಿವೇದನೆಯ ಗುಟ್ಟು, ವೈದ್ಯರ ಗುಟ್ಟು, ಮತ್ತೊಬ್ಬರ ಮಾನ ಕಾಯುವ ಮೌನ, ಇವು ಸತ್ಯಕ್ಕೆ ವಿರುದ್ಧವಲ್ಲ. ಮೌನಕ್ಕೆ ಹಕ್ಕಿದೆ, ವಂಚನೆಗೆ ಇಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ 'ಗೌದಿಯುಂ ಎತ್ ಸ್ಪೆಸ್' ಈ ವಿಷಯವನ್ನು ಎರಡು ಕಡೆ ಮುಟ್ಟುತ್ತದೆ. 43ನೆಯ ಪರಿಚ್ಛೇದದಲ್ಲಿ, ವಿಶ್ವಾಸಕ್ಕೂ ದಿನನಿತ್ಯದ ಬದುಕಿಗೂ ನಡುವೆ ಬಿದ್ದಿರುವ ಬಿರುಕನ್ನು ನಮ್ಮ ಯುಗದ ಹೆಚ್ಚು ಗಂಭೀರ ತಪ್ಪುಗಳಲ್ಲಿ ಒಂದೆಂದು ಎಣಿಸುತ್ತದೆ. 30ನೆಯ ಪರಿಚ್ಛೇದದಲ್ಲಿ, ನ್ಯಾಯವಾದ ತೆರಿಗೆಗಳಿಂದ ವಂಚನೆಯ ಮೂಲಕ ತಪ್ಪಿಸಿಕೊಳ್ಳುವುದನ್ನು, ವಾಹನದ ವೇಗಮಿತಿಯನ್ನು ಲೆಕ್ಕಿಸದಿರುವುದನ್ನು ಕೂಡ ಹೆಸರಿಸಿ, ಇವೆಲ್ಲ ಸಮಾಜಕ್ಕೆ ಸಲ್ಲಬೇಕಾದ ನ್ಯಾಯದ ಪ್ರಶ್ನೆಗಳೆಂದು ತೋರಿಸುತ್ತದೆ. ತೆರಿಗೆಯ ಕಾನೂನು ಮುರಿದರೆ ದಂಡ ಕಟ್ಟಿದರಾಯಿತು, ಮನಸ್ಸಾಕ್ಷಿಗೆ ಅದರ ಭಾರವಿಲ್ಲ ಎಂಬ ಹಳೆಯ ವಾದವೊಂದಿತ್ತು. ಮಹಾಸಭೆಯ ಈ ಮಾತುಗಳ ನಂತರ ಅದನ್ನು ಸಮರ್ಥಿಸುವುದು ಸುಲಭವಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (2409) ತೆರಿಗೆ ವಂಚನೆ, ಸುಳ್ಳು ರಸೀದಿ, ನ್ಯಾಯವಲ್ಲದ ಕೂಲಿ, ಕಳಪೆ ಕೆಲಸಗಳನ್ನು ಏಳನೆಯ ಕಟ್ಟಳೆಯ ಉಲ್ಲಂಘನೆಯ ಸಾಲಿನಲ್ಲಿಯೇ ಇರಿಸಿದೆ.

5. ಒಂದು ಕ್ರಯಪತ್ರದ ಪರಿಶೀಲನೆ

ತತ್ತ್ವವನ್ನು ಒಂದು ಸಾಮಾನ್ಯ ಸಂದರ್ಭಕ್ಕೆ ಅನ್ವಯಿಸಿ ನೋಡೋಣ. ಸಂಬಳದ ಮೇಲೆ ಬದುಕುವ ಕುಟುಂಬವೊಂದು ನಗರದ ಅಂಚಿನಲ್ಲಿ ಐದು ಸೆಂಟ್ಸ್ ಜಾಗ ಕೊಳ್ಳಲು ಹೊರಡುತ್ತದೆ ಎಂದಿಟ್ಟುಕೊಳ್ಳಿ. ಮಾರುವವರ ಷರತ್ತು: ಕ್ರಯಪತ್ರದಲ್ಲಿ ಸರಕಾರದ ಮಾರ್ಗಸೂಚಿ ಮೌಲ್ಯದಷ್ಟೇ ಬೆಲೆ ಬರೆಯಬೇಕು, ಉಳಿದದ್ದು ನಗದಾಗಿ ಕೈಸೇರಬೇಕು. ದಲ್ಲಾಳಿಯ ಸಮಾಧಾನ: "ಇದು ಎಲ್ಲ ಕಡೆ ಇದ್ದದ್ದೇ." ಹೀಗೆ ಮಾಡಿದರೆ ಮುದ್ರಾಂಕ ಶುಲ್ಕವೂ ಮಾರಿದವರ ತೆರಿಗೆಯೂ ಕಡಿಮೆಯಾಗುತ್ತವೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ.

ಇಲ್ಲಿ ಯಾರ ಹೊಣೆ ಎಷ್ಟು? ಷರತ್ತು ಹಾಕಿದವರ ಮತ್ತು ಅದರಿಂದ ಲಾಭ ಪಡೆದವರ ಹೊಣೆ ಹೆಚ್ಚು. ಮನೆ ಬೇಕೆಂಬ ಒತ್ತಡದಲ್ಲಿರುವ ಕುಟುಂಬದ ಹೊಣೆಯನ್ನು ಆ ಒತ್ತಡ ಕಡಿಮೆ ಮಾಡಬಹುದು. ಪರರ ಪಾಪದಲ್ಲಿ ಭೌತಿಕ ಸಹಕಾರ ಎಂಬ ಪರಿಕಲ್ಪನೆಯನ್ನು ಗುರುಮಠದಲ್ಲಿ ನಾವು ಕಲಿಸುತ್ತೇವೆ, ಅದನ್ನು ಇಲ್ಲಿ ಬಳಸುವ ಆಸೆ ಸಹಜ. ಆದರೆ ಕೊಳ್ಳುವವರು ಕೂಡ ಸುಳ್ಳು ಬೆಲೆ ಬರೆದ ಪತ್ರಕ್ಕೆ ಸಹಿ ಹಾಕುತ್ತಾರೆ. ಆ ಸಹಿ ಅವರದೇ ಕೃತ್ಯ. ಪರರ ಕೃತ್ಯಕ್ಕೆ ಸಹಕಾರ ಎಂಬ ಹೆಸರು ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಈ ಮಾತನ್ನು ಮೃದುವಾಗಿ ಹೇಳಬೇಕು, ಆದರೆ ಹೇಳದೆ ಬಿಡಬಾರದು.

ಪ್ರೇಷಿತರ ಕಾರ್ಯಕಲಾಪಗಳ 5ನೆಯ ಅಧ್ಯಾಯದಲ್ಲಿರುವುದೂ ಜಾಗದ ಬೆಲೆಯ ಕಥೆಯೇ. ಅನನೀಯ ಮತ್ತು ಸಫೈರ ಹೊಲ ಮಾರಿ ಬಂದ ಹಣದಲ್ಲಿ ಒಂದು ಭಾಗವನ್ನು ಇಟ್ಟುಕೊಂಡರು. ಇಟ್ಟುಕೊಂಡದ್ದು ತಪ್ಪಾಗಿರಲಿಲ್ಲ, ಹಣ ಅವರದೇ ಆಗಿತ್ತು ಎಂದು ಪೇತ್ರರೇ ಹೇಳುತ್ತಾರೆ. ಭಾಗವನ್ನು ಪೂರ್ತಿಯೆಂದು ತೋರಿಸಿದ್ದು ತಪ್ಪು. ಸಫೈರಳನ್ನು ಪೇತ್ರರು ಕೇಳಿದ್ದು ಒಂದೇ ಪ್ರಶ್ನೆ: ಜಾಗವನ್ನು ಇಷ್ಟಕ್ಕೇ ಮಾರಿದಿರೋ? ಎಳೆಯ ಧರ್ಮಸಭೆಯ ಮೊದಲ ದೊಡ್ಡ ಆಂತರಿಕ ಬಿಕ್ಕಟ್ಟು ತಪ್ಪು ಬೆಲೆ ಹೇಳಿದ್ದರಿಂದ ಹುಟ್ಟಿತು ಎಂಬುದನ್ನು ನಾವು ಬೋಧನೆಯಲ್ಲಿ ಬೇಗ ದಾಟಿಬಿಡುತ್ತೇವೆ.

ಹಾಗಾದರೆ ಆ ಕುಟುಂಬಕ್ಕೆ ಏನು ಹೇಳುವುದು? ಪೂರ್ತಿ ಬೆಲೆಯನ್ನು ಪತ್ರದಲ್ಲಿ ಬರೆಯಿಸಲು ಪಟ್ಟುಹಿಡಿಯಿರಿ. ಅದರಿಂದ ಹೆಚ್ಚಾಗುವ ಶುಲ್ಕವನ್ನು ಜಾಗದ ಬೆಲೆಯ ಭಾಗವೆಂದೇ ಲೆಕ್ಕಹಾಕಿ. ಒಪ್ಪದಿದ್ದರೆ ಬೇರೆ ಜಾಗ ಹುಡುಕುವಷ್ಟು ತಾಳ್ಮೆಯಿರಲಿ. ಇದಕ್ಕೆ ಖರ್ಚಿದೆ, ಕೆಲವೊಮ್ಮೆ ಒಳ್ಳೆಯ ಜಾಗ ಕೈತಪ್ಪುತ್ತದೆ. ಆ ನಷ್ಟವನ್ನು ಮರೆಮಾಚದೆ ಹೇಳುವುದು ನಮ್ಮ ಕರ್ತವ್ಯ. ಶಿಲುಬೆಯನ್ನು ಹೊರುವುದೆಂದರೆ ಕೆಲವರ ಪಾಲಿಗೆ ಹೆಚ್ಚಿನ ಮುದ್ರಾಂಕ ಶುಲ್ಕವನ್ನು ಹೊರುವುದೂ ಹೌದು.

6. ಜಕ್ಕಾಯನ ಲೆಕ್ಕ

ಈಗಾಗಲೇ ಸಹಿ ಹಾಕಿಯಾಗಿದ್ದರೆ? ನಮ್ಮ ಪಾಪನಿವೇದನೆಯ ರೂಢಿಯಲ್ಲಿ ಇಂದು ಹೆಚ್ಚು ಮಸುಕಾಗಿರುವುದು ಈ ಭಾಗ. ಸಂಖ್ಯಾಕಾಂಡದ ವಿಧಿ ಸ್ಪಷ್ಟವಾಗಿದೆ: ಅನ್ಯಾಯ ಮಾಡಿದವನು ತಪ್ಪನ್ನು ಒಪ್ಪಿಕೊಳ್ಳಬೇಕು, ಪೂರ್ತಿಯಾಗಿ ಹಿಂದಿರುಗಿಸಬೇಕು, ಜೊತೆಗೆ ಐದನೆಯ ಒಂದು ಭಾಗವನ್ನು ಸೇರಿಸಬೇಕು (5:7). ಜಕ್ಕಾಯ ಅದನ್ನೂ ಮೀರಿದ: ಆಸ್ತಿಯ ಅರ್ಧ ಬಡವರಿಗೆ, ಮೋಸಹೋದವರಿಗೆ ನಾಲ್ಕು ಪಟ್ಟು (ಲೂಕ 19:8). ಪ್ರಭು ಅವನ ಮನೆಗೆ ಬಂದದ್ದು ಮೊದಲು, ಅವನು ಲೆಕ್ಕ ಹೇಳಿದ್ದು ಆಮೇಲೆ, ಕೃಪೆಯೇ ಮುಂದು. ಆದರೆ ಆ ಮನೆಗೆ ರಕ್ಷಣೆ ಬಂದಿತೆಂದು ಯೇಸು ಸಾರಿದ್ದು ಲೆಕ್ಕ ಹೇಳಿದ ಮೇಲೆಯೇ. ತೋಮಾಸರು ನಷ್ಟಭರ್ತಿಯನ್ನು ರಕ್ಷಣೆಗೆ ಅಗತ್ಯವೆಂದು ಎಣಿಸುತ್ತಾರೆ (62:2).

ಪಾಪವಿಮೋಚನೆ ದೇವರೊಂದಿಗಿನ ಸಂಬಂಧವನ್ನು ಕೂಡಿಸುತ್ತದೆ. ಪರರ ಹಣ ಇನ್ನೂ ನಮ್ಮ ಕಪಾಟಿನಲ್ಲಿದ್ದರೆ ಎರಡನೆಯ ಕಲ್ಲು ಇನ್ನೂ ಚೀಲದಲ್ಲಿದೆ. ಆದ್ದರಿಂದ ನಿವೇದನೆ ಕೇಳುವ ಗುರುಗಳು ಮೂರು ಸರಳ ಪ್ರಶ್ನೆಗಳನ್ನು ಕೇಳಬಹುದು: ನಷ್ಟವಾದದ್ದು ಯಾರಿಗೆ? ಅದು ಎಷ್ಟು? ಈಗ ಕೊಡಲು ಸಾಧ್ಯವಾಗುವುದು ಎಷ್ಟು? ವ್ಯಕ್ತಿ ಗೊತ್ತಿದ್ದರೆ ಅವರಿಗೇ ಸಲ್ಲಬೇಕು. ಯಾರೆಂದು ತಿಳಿಯಲಾಗದಿದ್ದರೆ ಬಡವರಿಗೆ ಸಲ್ಲಬೇಕೆಂಬುದು ಸಂಪ್ರದಾಯ. ಒಮ್ಮೆಲೇ ಆಗದಿದ್ದರೆ ಕಂತಿನಲ್ಲಿ ಆಗಬಹುದು. ನಿಜವಾಗಿಯೂ ಕೈಯಲ್ಲಿಲ್ಲದವನಿಗೆ ಸಾಧ್ಯವಾಗುವವರೆಗೆ ಕಾಲಾವಕಾಶವಿದೆ. ಕಾಣಿಕೆ ಡಬ್ಬಕ್ಕೆ ಹಾಕಿದ ದೊಡ್ಡ ನೋಟು ಗೊತ್ತಿರುವ ಸಾಲಗಾರನ ಬಾಕಿಯನ್ನು ತೀರಿಸುವುದಿಲ್ಲ ಎಂಬುದನ್ನೂ ತಿಳಿಸಬೇಕು. ಈ ಲೆಕ್ಕಾಚಾರ ಅತಿಸಂಕೋಚದ ಮನಸ್ಸಿನವರನ್ನು ಹಿಂಸಿಸುವ ಉಪಕರಣವಾಗದಂತೆ ಎಚ್ಚರವಹಿಸುವುದೂ ಗುರುಗಳ ಜಾಣ್ಮೆ. ಪ್ರಾಮಾಣಿಕ ಮನುಷ್ಯನೆಂದರೆ ಎಂದೂ ಬೀಳದವನಲ್ಲ. ಬಿದ್ದಾಗ ಅದನ್ನು ಸರಿಯೆಂದು ವಾದಿಸದೆ ಲೆಕ್ಕ ತೀರಿಸುವವನು.

7. ಯಾಜಕರ ಚೀಲ

ಇಷ್ಟನ್ನು ಬೋಧಿಸುವ ನಮ್ಮ ಚೀಲವನ್ನೂ ಜನರು ನೋಡುತ್ತಾರೆ. ಧರ್ಮಸಭೆಯ ಕಾನೂನು ಸಂಹಿತೆ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆ ಆ ಉದ್ದೇಶಕ್ಕೇ ಸಲ್ಲಬೇಕು (1267); ಮೇಲ್ಛಾವಣಿಯ ನಿಧಿಯಿಂದ ಹಬ್ಬದ ದೀಪಾಲಂಕಾರ ಆಗಕೂಡದು. ಬಲಿಪೂಜೆಯ ಕಾಣಿಕೆಗಳಲ್ಲಿ ವ್ಯಾಪಾರದ ಛಾಯೆ ಕೂಡ ಸುಳಿಯಬಾರದು (947). ಪ್ರತಿ ಕಾಣಿಕೆಯ ಉದ್ದೇಶಕ್ಕೆ ಪ್ರತ್ಯೇಕ ಬಲಿಪೂಜೆ ಅರ್ಪಿತವಾಗಬೇಕು (948). ಆಯವ್ಯಯದ ಪುಸ್ತಕಗಳು ಕ್ರಮವಾಗಿರಬೇಕು (1284), ವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕು (1287). ಕೆಲಸದವರಿಗೆ ನ್ಯಾಯವಾದ ವೇತನ ಕೊಡಬೇಕು, ಕಾರ್ಮಿಕ ಕಾನೂನುಗಳನ್ನು ಪಾಲಿಸಬೇಕು (1286). ಶಾಲೆಯ ಆಯಾ, ದೇವಾಲಯದ ಮಿರೋಣಿ, ಅಡುಗೆಯವರು, ಎಲ್ಲರೂ ಇದರಲ್ಲಿ ಸೇರುತ್ತಾರೆ.

ಹಣವಿಲ್ಲದ ಪರೀಕ್ಷೆಗಳೂ ಇವೆ. ಪರಿಚಿತರೊಬ್ಬರು ಬಂದು, ಗೊತ್ತಿಲ್ಲದ ಹುಡುಗನಿಗೆ ಒಳ್ಳೆಯ ನಡತೆಯ ಪತ್ರ ಬೇಕು ಎನ್ನುತ್ತಾರೆ. ದೀಕ್ಷಾಸ್ನಾನದ ಪತ್ರದಲ್ಲಿ ಜನ್ಮದಿನಾಂಕ ಒಂದಿಷ್ಟು ಸರಿಪಡಿಸಿಕೊಡಿ ಎನ್ನುತ್ತಾರೆ. ಮನಸ್ಸು ಕರಗುವುದು ಸಹಜ. ಆದರೆ ಧರ್ಮಕೇಂದ್ರದ ದಾಖಲೆ ಪುಸ್ತಕ ಸಮುದಾಯದ ನೆನಪು. ಅದರ ಒಂದು ಸಾಲು ಸುಳ್ಳಾದರೆ ಉಳಿದ ಸಾಲುಗಳಿಗೂ ಸಾಕ್ಷಿಯ ಬೆಲೆ ಕುಗ್ಗುತ್ತದೆ. ಸಂಸ್ಥೆಯ ಒಳಿತಿಗಾಗಿ ಎಂಬ ನೆಪವೂ ಹೀಗೆಯೇ. ಧರ್ಮಕೇಂದ್ರವೇ ಕಡಿಮೆ ಬೆಲೆ ತೋರಿಸಿ ಜಾಗ ಕೊಂಡರೆ, ಮೇಲೆ ಹೇಳಿದ ಕುಟುಂಬಕ್ಕೆ ಬುದ್ಧಿ ಹೇಳುವ ಬಾಯಿ ನಮಗೆ ಉಳಿಯುವುದಿಲ್ಲ.

ಗುರುಮಠದ ವರ್ಷಗಳು ಇದಕ್ಕೆ ತಕ್ಕ ಅಭ್ಯಾಸದ ಕಾಲ. ಪರೀಕ್ಷೆಯ ಉತ್ತರ, ಪರರ ಪ್ರಬಂಧದಿಂದ ಎತ್ತಿದ ಪುಟ, ಪ್ರವಾಸದ ಖರ್ಚಿನ ಚೀಟಿ, ಮೇಲ್ವಿಚಾರಕರಿಗೆ ಹೇಳುವ ಕಾರಣ: ಎರಡನೆಯ ಕಲ್ಲು ಚೀಲ ಸೇರುವುದು ಇಂಥ ಸಣ್ಣ ಸಂದರ್ಭಗಳಲ್ಲಿಯೇ. ಅದನ್ನು ಎಸೆಯುವುದು ಕೂಡ ಇಲ್ಲಿಯೇ ಸುಲಭ.

"ಎಲ್ಲರೂ ಹೀಗೆಯೇ ಮಾಡುತ್ತಾರಲ್ಲ" ಎಂದು ಕೇಳುವ ವಿಶ್ವಾಸಿ ಒಳಗೊಳಗೇ ಕೇಳುತ್ತಿರುವುದು ಬೇರೊಂದನ್ನು: ಹೀಗೆ ಮಾಡದೆಯೂ ಈ ಊರಿನಲ್ಲಿ ಬದುಕಲು ಸಾಧ್ಯವೇ? ವಾದದಿಂದ ಅದಕ್ಕೆ ಅರ್ಧ ಉತ್ತರವನ್ನಷ್ಟೇ ಕೊಡಬಹುದು. ಉಳಿದರ್ಧ ಉತ್ತರವನ್ನು ಲೆಕ್ಕ ತೆರೆದಿಟ್ಟ ಧರ್ಮಕೇಂದ್ರ, ಪೂರ್ತಿ ಬೆಲೆ ಬರೆಯಿಸಿಕೊಂಡ ಒಂದು ಕುಟುಂಬ, ಪಡೆದದ್ದನ್ನು ಹಿಂದಿರುಗಿಸಿದ ಒಬ್ಬ ವ್ಯಾಪಾರಿ ಕೊಡಬೇಕು. ಅಂಥವರು ನಮ್ಮ ನಡುವೆ ಇದ್ದಾರೆ. ಅವರ ಸಂಖ್ಯೆಯನ್ನು ಒಂದೊಂದಾಗಿ ಹೆಚ್ಚಿಸುವುದು, ಮೊದಲಿಗೆ ನಮ್ಮನ್ನೇ ಆ ಎಣಿಕೆಗೆ ಸೇರಿಸಿಕೊಳ್ಳುವುದು, ನಮ್ಮ ಪಾಲನಾ ಸೇವೆಯ ಭಾಗ.